ಕಾಲಂಗಳ ನಡುವಿನ ಗೆರೆ ದಪ್ಪವಾದರೆ ಜಾಗವೂ ಹಿಗ್ಗುತ್ತದೆಯೇ?

ದಿನಪತ್ರಿಕೆಯ ಎರಡು ಕಾಲಂಗಳ ನಡುವೆ ತೆಳುವಾದ ಗೆರೆ ಇರುವುದನ್ನು ನೀವು ನೋಡಿರುತ್ತೀರಿ. ಅಚ್ಚುಮೊಳೆಗಳ ಕಾಲದಲ್ಲಿ ಅದಕ್ಕೆಂದೇ ಲೋಹದ ಪಟ್ಟಿಯೊಂದನ್ನು ಮೊಳೆಗಳ ಪಕ್ಕ ಇಡುತ್ತಿದ್ದರು. ಅದರ ಹೆಸರು 'ರೂಲ್'. ವೆಬ್ ಪುಟಗಳ ರೂಪ ನಿರ್ಧರಿಸುವ ಸಿಎಸ್‌ಎಸ್‌ನಲ್ಲಿ ಈ ಗೆರೆಗೆ 'ಕಾಲಮ್-ರೂಲ್' ಎನ್ನುತ್ತಾರೆ. ಹೆಸರು ಅದೇ, ಗುಣ ಬೇರೆ. ಲೋಹದ ಪಟ್ಟಿ ದಪ್ಪವಾದಷ್ಟೂ ಜಾಗ ತಿನ್ನುತ್ತಿತ್ತು. ವೆಬ್‌ನ ಗೆರೆ ಜಾಗವನ್ನೇ ತಿನ್ನುವುದಿಲ್ಲ.

ಅಂದರೆ ಗೆರೆ ದಪ್ಪ ಮಾಡಿದರೆ ಕಾಲಂಗಳು ದೂರ ಸರಿಯುತ್ತವೆ ಎಂಬುದು ತಪ್ಪು ತಿಳಿವಳಿಕೆ. ಕಾಲಂಗಳ ಅಂತರವನ್ನು ನಿರ್ಧರಿಸುವುದು 'ಕಾಲಮ್-ಗ್ಯಾಪ್' ಮಾತ್ರ. ಗೆರೆ ಆ ಅಂತರದ ನಟ್ಟನಡುವೆ ಮೂಡುತ್ತದೆ, ಅಷ್ಟೇ. ಅಂತರ 20 ಪಿಕ್ಸೆಲ್, ಗೆರೆ 4 ಪಿಕ್ಸೆಲ್ ಇದ್ದರೆ ಎರಡೂ ಬದಿಗೆ ತಲಾ 8 ಪಿಕ್ಸೆಲ್ ಖಾಲಿ ಉಳಿಯುತ್ತದೆ. ಗೆರೆಯನ್ನು 24ಕ್ಕೆ ಏರಿಸಿದಿರೋ, ಎರಡೂ ಕಡೆ 2 ಪಿಕ್ಸೆಲ್‌ನಷ್ಟು ಅಕ್ಷರಗಳ ಅಡಿಗೆ ನುಗ್ಗುತ್ತದೆ. ಆದ್ದರಿಂದ ಮೊದಲು ಅಂತರ ಗೊತ್ತುಮಾಡಿ, ಗೆರೆಯ ಮಾತು ಆಮೇಲೆ.

'ಬಣ್ಣ, ದಪ್ಪ ಎಲ್ಲ ಕೊಟ್ಟರೂ ಗೆರೆ ಕಾಣುತ್ತಿಲ್ಲ' ಎನ್ನುವವರು ಶೈಲಿಯನ್ನು ಮರೆತಿರುತ್ತಾರೆ. ಶೈಲಿ ಹೇಳದಿದ್ದರೆ ಬ್ರೌಸರ್ ಅದನ್ನು 'ನನ್' ಎಂದು ಭಾವಿಸುತ್ತದೆ, ಅಂದರೆ ಗೆರೆಯೇ ಬೇಡ ಎಂದು. 'ಸಾಲಿಡ್', 'ಡಾಟೆಡ್', 'ಡ್ಯಾಶ್ಡ್', 'ಡಬಲ್' ಇವುಗಳಲ್ಲಿ ಒಂದನ್ನು ಬರೆಯಲೇಬೇಕು. ಬಣ್ಣ ಬರೆಯದಿದ್ದರೆ ಚಿಂತೆಯಿಲ್ಲ, ಅಕ್ಷರದ ಬಣ್ಣವೇ ಗೆರೆಗೂ ಬರುತ್ತದೆ. ನಮ್ಮನ್ನು ಕೇಳಿದರೆ 1 ಪಿಕ್ಸೆಲ್‌ನ ತಿಳಿ ಬೂದು ಗೆರೆ ಸಾಕು. ಓದಬೇಕಾದ್ದು ಪಠ್ಯವನ್ನು, ಗೆರೆಯನ್ನಲ್ಲ!

ಕನ್ನಡದ ಪುಟಗಳಲ್ಲಿ ಇನ್ನೊಂದು ತೊಡಕಿದೆ. ಪ್ರತ್ಯಯಗಳು ಸೇರಿ ನಮ್ಮ ಪದಗಳು ಉದ್ದವಾಗುತ್ತವೆ. 'ನಿರ್ಧರಿಸಬೇಕಾಗಿರುವುದರಿಂದ' ಎಂಬಂಥ ಪದ ಕಿರಿದಾದ ಕಾಲಂನಲ್ಲಿ ಹಿಡಿಸದೆ ಹೊರಚಾಚಿ ಗೆರೆಯನ್ನೇ ದಾಟಿಬಿಡಬಹುದು. 'ಓವರ್‌ಫ್ಲೋ-ರ್‍ಯಾಪ್' ಬಳಸಿ ಪದವನ್ನು ಮುರಿಯಬಹುದು, ಆದರೆ ಅದು ಎಲ್ಲೆಂದರಲ್ಲಿ ಮುರಿದು ಓದುವವರು ತಡವರಿಸುತ್ತಾರೆ. ಕಾಲಂ ಅಗಲಿಸುವುದೇ ಮೇಲು.

ಹಾಗಾಗಿ 'ಎರಡು ಕಾಲಂ ಬೇಕು' ಎಂದು ಸಂಖ್ಯೆ ಕೊಡುವ ಬದಲು 'ಕಾಲಮ್-ವಿಡ್ತ್' ಮೂಲಕ ಅಗಲವನ್ನು ಮಾತ್ರ ಹೇಳಿ. ಮೊಬೈಲ್‌ನ ಪರದೆಯಲ್ಲಿ ಎರಡಕ್ಕೆ ಜಾಗ ಸಾಲದಿದ್ದರೆ ಬ್ರೌಸರ್ ತಾನಾಗಿಯೇ ಒಂದೇ ಕಾಲಂ ಮಾಡುತ್ತದೆ. ಆಗ ಗೆರೆಯೂ ಇರುವುದಿಲ್ಲ. ಪಠ್ಯವಿರುವ ಎರಡು ಕಾಲಂಗಳ ನಡುವೆ ಮಾತ್ರ ಅದು ಮೂಡುವುದು.