ಸರ್ ಚೆಟ್ಟೂರು ಶಂಕರನ್ ನಾಯರರು

ರಾಜಸೇವೆಯೂ ಸ್ವತಂತ್ರಬುದ್ಧಿಯೂ ಒಬ್ಬನಲ್ಲಿ ಕೂಡಿ ಬಾಳುವುದು ದುರ್ಲಭ. ಬ್ರಿಟಿಷರ ಆಳ್ವಿಕೆಯಲ್ಲಿ ಉನ್ನತ ಪದವಿಗಳನ್ನು ಪಡೆದೂ ಬುದ್ಧಿಯನ್ನು ಪರಾಧೀನಮಾಡದೆ ಉಳಿದ ಕೆಲವರಲ್ಲಿ ಸರ್ ಚೆಟ್ಟೂರು ಶಂಕರನ್ ನಾಯರರು ಗಣ್ಯರು.

ಮಲಬಾರಿನಲ್ಲಿ ಪಾಲಘಾಟಿನ ಸಮೀಪದ ಮಂಕರ ಗ್ರಾಮದವರಾದ ಇವರು ೧೮೫೭ರಲ್ಲಿ ಜನಿಸಿದರು. ೧೮೮೦ರಲ್ಲಿ ಮದರಾಸಿನ ಹೈಕೋರ್ಟಿನಲ್ಲಿ ವಕೀಲಿಯನ್ನಾರಂಭಿಸಿ ಬೇಗನೆ ಪ್ರಸಿದ್ಧಿಗೆ ಬಂದರು. ೧೮೯೭ರಲ್ಲಿ ಅಮರಾವತಿಯಲ್ಲಿ ಸೇರಿದ ಕಾಂಗ್ರೆಸ್ ಮಹಾಸಭೆಗೆ ಅಧ್ಯಕ್ಷರಾದರು. ಹೀಗೆ ಪ್ರಜಾಪಕ್ಷದಲ್ಲಿ ನಿಂತವರನ್ನೇ ಸರಕಾರವು ೧೯೦೭ರಲ್ಲಿ ಅಡ್ವೊಕೇಟ್ ಜನರಲ್ ಪದವಿಗೆ ನಿಯಮಿಸಿತು. ದಕ್ಷಿಣ ಕನ್ನಡ, ಬಳ್ಳಾರಿ ಜಿಲ್ಲೆಗಳನ್ನೂ ಒಳಗೊಂಡಿದ್ದ ಅಂದಿನ ಮದರಾಸು ಪ್ರಾಂತದಲ್ಲಿ ಸರಕಾರದ ಪರವಾಗಿ ವಾದಿಸುವ, ಕಾನೂನಿನ ವಿಷಯದಲ್ಲಿ ಅದಕ್ಕೆ ಸಲಹೆ ಕೊಡುವ ಮುಖ್ಯಾಧಿಕಾರವಿದು. ಮರುವರ್ಷವೇ ಅವರು ಹೈಕೋರ್ಟಿನ ನ್ಯಾಯಾಧೀಶರಾದರು. ೧೯೧೫ರಲ್ಲಿ ವೈಸರಾಯರ ಕಾರ್ಯನಿರ್ವಾಹಕ ಮಂಡಲಿಯನ್ನು ಸೇರಿ ವಿದ್ಯಾಭ್ಯಾಸದ ಇಲಾಖೆಯನ್ನು ವಹಿಸಿಕೊಂಡರು. ಆಗ ಆ ಮಂಡಲಿಯಲ್ಲಿದ್ದ ಭಾರತೀಯರು ಇವರೊಬ್ಬರೇ.

೧೯೧೯ನೆಯ ಏಪ್ರಿಲ್ ೧೩ರಂದು ಅಮೃತಸರದ ಜಲಿಯನ್‌ವಾಲಾ ಬಾಗಿನಲ್ಲಿ ನಿರಾಯುಧರ ಮೇಲೆ ಗುಂಡಿನ ಮಳೆ ಸುರಿಯಿತು. ಪಂಜಾಬದಲ್ಲಿ ಸೈನಿಕ ಶಾಸನ ಮುಂದುವರಿಯಿತು. ಆ ಆಡಳಿತದ ಪಾಪದಲ್ಲಿ ಭಾಗಿಯಾಗಲೊಲ್ಲದೆ ನಾಯರರು ಅದೇ ವರ್ಷ ಪದವಿಯನ್ನು ತ್ಯಜಿಸಿದರು.

ಇಷ್ಟರಿಂದ ಅವರು ಲೋಕಪ್ರಿಯತೆಯನ್ನು ಅರಸಿದರೆಂದು ಭಾವಿಸಲಾಗದು. ೧೯೨೨ರಲ್ಲಿ ಅವರು ಬರೆದ 'ಗಾಂಧಿ ಅಂಡ್ ಅನಾರ್ಕಿ' ಎಂಬ ಗ್ರಂಥವು ಅಸಹಕಾರ ಚಳವಳಿಯನ್ನು ತೀವ್ರವಾಗಿ ಖಂಡಿಸಿತು. ವಿಚಿತ್ರವೆಂದರೆ, ಅದೇ ಗ್ರಂಥದಲ್ಲಿ ಪಂಜಾಬದ ಅತ್ಯಾಚಾರಗಳ ಹೊಣೆಯನ್ನು ಅಲ್ಲಿಯ ಲೆಫ್ಟಿನೆಂಟ್ ಗವರ್ನರರಾಗಿದ್ದ ಸರ್ ಮೈಕೇಲ್ ಓಡ್ವಯರರ ಮೇಲೆ ಹೊರಿಸಿದ್ದರು. ಓಡ್ವಯರರು ಲಂಡನ್ನಿನಲ್ಲಿ ಮಾನನಷ್ಟದ ದಾವೆ ಹೂಡಿದರು. ೧೯೨೪ರ ವಿಚಾರಣೆಯಲ್ಲಿ ನ್ಯಾಯಾಧೀಶ ಮೆಕಾರ್ಡಿಯವರ ಒಲವು ವಾದಿಯ ಕಡೆಗೇ ಇದ್ದಿತು. ಹನ್ನೆರಡು ಮಂದಿ ಜ್ಯೂರಿಗಳಲ್ಲಿ ಹನ್ನೊಂದು ಮಂದಿ ವಾದಿಯ ಪಕ್ಷವನ್ನೇ ಹಿಡಿದರು. ಹೆರಾಲ್ಡ್ ಲಾಸ್ಕಿಯವರೊಬ್ಬರೇ ಭಿನ್ನಮತದವರು. ೫೦೦ ಪೌಂಡುಗಳ ಪರಿಹಾರವೂ ಅದನ್ನು ಮೀರಿದ ವ್ಯಾಜ್ಯದ ಖರ್ಚೂ ನಾಯರರ ತಲೆಗೆ ಬಂದವು. ಕ್ಷಮೆ ಕೇಳಿದರೆ ಹಣವನ್ನು ಬಿಡುವುದಾಗಿ ಸೂಚನೆ ಬಂದಿತು. ನಾಯರರು ಹಣವನ್ನು ತೆತ್ತರೇ ಹೊರತು ಮಾತನ್ನು ಹಿಂದೆಗೆದುಕೊಳ್ಳಲಿಲ್ಲ.

ಮುಂದೆ ೧೯೨೮ರಲ್ಲಿ ಕಾಂಗ್ರೆಸ್ಸು ಸೈಮನ್ ಕಮಿಷನ್ನನ್ನು ಬಹಿಷ್ಕರಿಸಿದಾಗ, ಅದರೊಡನೆ ಸಹಕರಿಸಲು ಏರ್ಪಟ್ಟ ಸಮಿತಿಗೆ ಅವರೇ ಅಧ್ಯಕ್ಷರಾದರು. ಇದನ್ನು ಒಪ್ಪದವರು ಅಂದೂ ಬಹುಮಂದಿ; ಇಂದಿಗೂ ಒಪ್ಪಬೇಕೆಂಬ ನಿರ್ಬಂಧವಿಲ್ಲ. ೧೯೩೪ರಲ್ಲಿ ನಾಯರರು ಕಾಲವಾದರು. ಅವರ ಮತಗಳಲ್ಲಿ ತಪ್ಪು ಕಾಣಬಹುದು. ಆದರೆ ಪದವಿಯ ಆಸೆಗಾಗಲಿ, ದಂಡದ ಭಯಕ್ಕಾಗಲಿ, ಜನರ ಚಪ್ಪಾಳೆಗಾಗಲಿ ಅವರು ಮತವನ್ನು ಮಾರಲಿಲ್ಲವೆಂಬುದನ್ನು ವಿರೋಧಿಗಳೂ ಒಪ್ಪಬೇಕು.