ಕೊಡವ ತಕ್ಕಿನ ಉಚ್ಚಾರಣೆಯೂ ಮೂಲಶಬ್ದಗಳೂ

ಒಂದು ಜನಾಂಗದ ಪೂರ್ವೇತಿಹಾಸವನ್ನು ತಿಳಿಯಲು ಶಾಸನಗಳೂ ಗ್ರಂಥಗಳೂ ಸಾಲದೆಡೆಯಲ್ಲಿ ಅದರ ನುಡಿಯೇ ಸಾಕ್ಷಿಯಾಗುವುದು. ಕೊಡಗಿನವರ ಮನೆಮಾತಾದ ಕೊಡವ ತಕ್ಕು ಇದಕ್ಕೆ ತಕ್ಕ ನಿದರ್ಶನ. ಇದನ್ನು ಕನ್ನಡದ ಉಪಭಾಷೆಯೆಂದು ಕೆಲವರೂ, ಹಲವು ಭಾಷೆಗಳ ಬೆರಕೆಯೆಂದು ಮತ್ತೆ ಕೆಲವರೂ ಹೇಳುತ್ತ ಬಂದಿದ್ದಾರೆ. ಶಬ್ದಗಳನ್ನು ಪರಿಶೀಲಿಸಿದರೆ ಈ ಎರಡು ಮಾತುಗಳೂ ನಿಲ್ಲವು.

ಮೊದಲು ಕಕಾರವನ್ನು ನೋಡೋಣ. ಬೆಂಗಳೂರಿನ ದಕ್ಷಿಣ ಭಾಗದ ಅರೆಕೆರೆಯೆಂಬ ಹೆಸರಿನ ಉತ್ತರಪದವಾದ ‘ಕೆರೆ’ಯು ಮಲಯಾಳದಲ್ಲಿ ‘ಚಿರ’, ತೆಲುಗಿನಲ್ಲಿ ‘ಚೆರುವು’ ಎಂದಾಗಿದೆ. ಕೊಡವದಲ್ಲಿ ಮಾತ್ರ ಕನ್ನಡದಂತೆಯೇ ‘ಕೆರೆ’. ಹಾಗೆಯೇ ತಮಿಳು ಮಲಯಾಳಗಳ ‘ಚೆವಿ’ ಇಲ್ಲಿ ‘ಕೆವಿ’, ಕನ್ನಡದ ಕಿವಿ. ಇಕಾರ ಎಕಾರಗಳ ಮುಂದೆ ಕಕಾರವು ಚಕಾರವಾಗುವ ವಿಕಾರಕ್ಕೆ ಈ ಎರಡು ನುಡಿಗಳೂ ಒಳಗಾಗಲಿಲ್ಲ.

ಇಷ್ಟರಿಂದಲೇ ಇದು ಕನ್ನಡವೆನ್ನಬಹುದೆ? ಪಕಾರವು ಅಡ್ಡ ಬರುತ್ತದೆ. 10ನೆಯ ಶತಮಾನದ ಪಂಪನ ಕಾಲದಲ್ಲಿ ‘ಪಾಲ್’ ಎಂದಿದ್ದುದು ನಮ್ಮಲ್ಲಿ ‘ಹಾಲು’ ಆಯಿತು. 13ನೆಯ ಶತಮಾನದ ಕೇಶಿರಾಜನು ತನ್ನ ವ್ಯಾಕರಣದಲ್ಲಿ ಪಕಾರವು ಹಕಾರವಾಗುವುದನ್ನು ವಿಧಿಸಿದ್ದಾನೆ. ಕೊಡವರಾದರೋ ಆ ಪಕಾರವನ್ನು ಬಿಟ್ಟುಕೊಡಲಿಲ್ಲ. ಹಂದಿಯು ಅವರಿಗೆ ‘ಪಂದಿ’, ಹತ್ತು ‘ಪತ್ತ್’, ಹೆಣ್ಣು ‘ಪೊಣ್ಣ್’. ಹೊಸ ಅಕ್ಕಿಯ ಹಬ್ಬವನ್ನು ನಾವು ಹುತ್ತರಿಯೆಂದರೆ ಅವರು ‘ಪುತ್ತರಿ’ ಎನ್ನುತ್ತಾರೆ.

ಸಂಖ್ಯೆಗಳಲ್ಲಿ ಇನ್ನೊಂದು ವಿಶೇಷವುಂಟು. ಎರಡಕ್ಕೆ ತಮಿಳಿನಲ್ಲಿ ‘ಇರಂಡು’, ಮಲಯಾಳದಲ್ಲಿ ‘ರಂಡ್’; ಕೊಡವದಲ್ಲಿ ‘ದಂಡ್’. ಮೂರಕ್ಕೆ ‘ಮೂಂದ್’, ಐದಕ್ಕೆ ‘ಅಂಜಿ’. ‘ದಂಡ್’ ಎಂಬ ರೂಪವನ್ನು ಯಾವ ನೆರೆಯವರಿಂದಲೂ ಎರವಲು ತಂದುದೆನ್ನಲಾಗದು.

ಅರ್ಥದಲ್ಲಿಯೂ ಸ್ವಾತಂತ್ರ್ಯವು ತೋರುತ್ತದೆ. ಕನ್ನಡಿಗನಿಗೆ ನರಿಯೆಂದರೆ ಕಪಟಿಯಾದ ಸಣ್ಣ ಮೃಗ. ಕೊಡವನಿಗೆ ‘ನರಿ’ಯೆಂದರೆ ಹುಲಿ. ಹುಲಿಯನ್ನು ಕೊಂದ ವೀರನಿಗೆ ಹಿಂದೆ ಮದುವೆಯಂತೆ ನಡೆಸುತ್ತಿದ್ದ ಸಂಭ್ರಮಕ್ಕೆ ‘ನರಿ ಮಂಗಲ’ವೆಂದೇ ಹೆಸರು. ‘ತಾಯಿ’ ಎಂದರೆ ಅಲ್ಲಿ ಅಜ್ಜಿ; ಹೆತ್ತವಳು ‘ಅವ್ವ’.

ಎಲ್ಲಕ್ಕಿಂತ ಮಿಗಿಲಾದುದು ಸ್ವರವ್ಯವಸ್ಥೆ. ಅ ಇ ಉ ಎ ಒಗಳೂ ಅವುಗಳ ದೀರ್ಘಗಳೂ ಅಲ್ಲದೆ, ನಾಲಗೆಯನ್ನು ಬಾಯ ನಡುವಿಗೆಳೆದು ತುಟಿಗಳನ್ನು ದುಂಡಾಗಿಸದೆ ಉಚ್ಚರಿಸುವ ಎರಡು ಮಧ್ಯಸ್ವರಗಳು ಇಲ್ಲಿವೆ: ಒಂದು ಇಕಾರದ ಎತ್ತರದ್ದು, ಇನ್ನೊಂದು ಎಕಾರದ ಎತ್ತರದ್ದು; ಇವಕ್ಕೂ ದೀರ್ಘಗಳುಂಟು. ಏಳು, ಎಂಟು ಎಂಬ ಸಂಖ್ಯೆಗಳನ್ನು ಕೊಡವರು ನುಡಿಯುವಾಗ ಮೊದಲಕ್ಷರದಲ್ಲಿ ಕೇಳಿಬರುವುದು ನಮ್ಮ ಎಕಾರವಲ್ಲ, ಆ ಮಧ್ಯಸ್ವರ. ಮೇಲೆ ‘ಪತ್ತ್’ ಎಂದು ಬರೆದಲ್ಲಿಯೂ ಕೊನೆಗೊಂದು ಕಿರುಸ್ವರವುಂಟು; ಅದಕ್ಕೆ ನಮ್ಮ ವರ್ಣಮಾಲೆಯಲ್ಲಿ ಅಕ್ಷರವಿಲ್ಲ.

ಈ ನುಡಿಯ ವ್ಯಾಕರಣವನ್ನು 1867ರಲ್ಲಿ ಕೋಲ್ ಎಂಬ ಆಂಗ್ಲ ಅಧಿಕಾರಿಯು ಪ್ರಕಟಿಸಿದನು. ಅಪ್ಪಚ್ಚಕವಿ (1868–1944) ಅದರಲ್ಲಿ ನಾಟಕಗಳನ್ನು ರಚಿಸಿದರು. ನಡಿಕೇರಿಯಂಡ ಚಿಣ್ಣಪ್ಪನವರು ಜನಪದ ಹಾಡುಗಳನ್ನು ಸಂಗ್ರಹಿಸಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚುಹಾಕಿಸಿದರು. 1935ರಿಂದ 1938ರವರೆಗೆ ಭಾರತದಲ್ಲಿದ್ದ ಎಮೆನೊ ಪಂಡಿತರು ಇದನ್ನು ಸ್ಥಳದಲ್ಲಿಯೇ ಅಭ್ಯಸಿಸಿ, 1970ರಲ್ಲಿ ಇದರ ಸ್ವರಗಳ ಕುರಿತು ವಿಶೇಷ ಲೇಖನವನ್ನು ಬರೆದರು. 1994ರಲ್ಲಿ ಕೊಡವ ಸಾಹಿತ್ಯ ಅಕಾಡೆಮಿಯೂ ಸ್ಥಾಪಿತವಾಯಿತು.

ಆದರೂ 2001ರ ಜನಗಣತಿಯಲ್ಲಿ ಇದನ್ನು ಮಾತೃಭಾಷೆಯೆಂದು ಬರೆಸಿದವರು 1,66,187 ಮಂದಿ, 2011ರಲ್ಲಿ 1,13,857. ಬರೆಸುವ ರೀತಿಯಲ್ಲಿ ವ್ಯತ್ಯಾಸಗಳಿರಬಹುದಾದರೂ ಈ ಇಳಿತವು ಉಪೇಕ್ಷಿಸತಕ್ಕುದಲ್ಲ. ಬೇರೆ ಲಿಪಿಗಳನ್ನು ಕಲ್ಪಿಸಿದವರುಂಟು. ರೂಢಿಯಲ್ಲಿರುವುದು ಕನ್ನಡ ಲಿಪಿಯೇ. ಪುಸ್ತಕವು ಶಬ್ದವನ್ನು ಉಳಿಸಬಲ್ಲುದು. ಅಕ್ಷರವಿಲ್ಲದ ಸ್ವರವನ್ನು ಉಳಿಸಲಾರದು. ಅದು ‘ತಾಯಿ’ಯ ಬಾಯಿಂದ ಮೊಮ್ಮಗುವಿನ ‘ಕೆವಿ’ಗೆ ನೇರವಾಗಿಯೇ ಇಳಿಯಬೇಕು. ಆದುದರಿಂದ, ಊರು ಬಿಟ್ಟು ಪಟ್ಟಣ ಸೇರಿದ ಕೊಡವ ಕುಟುಂಬಗಳು ಮಕ್ಕಳೊಡನೆ ಯಾವ ಮಾತನ್ನಾಡುತ್ತವೆಯೋ ಅದರ ಮೇಲೆಯೇ ಈ ಸ್ವರಗಳ ಆಯುಸ್ಸು ನಿಂತಿದೆ.