ತಾಮ್ರದ ತಗಡೂ ಕೊಪ್ಪಳದ ಕೋಟೆಯೂ

ಯುದ್ಧದಲ್ಲಿ ಗೆದ್ದವರಾರು, ಸೋತವರಾರು ಎಂಬುದನ್ನು ಚರಿತ್ರೆಯ ಗ್ರಂಥಗಳು ವಿಸ್ತಾರವಾಗಿ ತಿಳಿಸುತ್ತವೆ. ಅದರ ವೆಚ್ಚವನ್ನು ತೆತ್ತವರಾರು ಎಂದು ಕೇಳುವವರು ವಿರಳ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಈ ಪ್ರಶ್ನೆಯನ್ನು ನಗುತ್ತಲೇ ಎತ್ತಿದವರು ಲಂಡನ್ನಿನ ವಿಡಂಬನ ಚಿತ್ರಕಾರರು.

ತಾಮ್ರದ ತಗಡಿಗೆ ಮೇಣದ ಲೇಪ ಕೊಟ್ಟು, ಸೂಜಿಯಿಂದ ಗೀರಿ, ಆಮ್ಲದಲ್ಲಿ ಕೊರೆಯಿಸಿ, ಶಾಯಿ ತುಂಬಿ ಕಾಗದಕ್ಕೆ ಒತ್ತಿದ ಚಿತ್ರಗಳು ಇವು. ಅಂಗಡಿಯ ಗಾಜಿನ ಹಿಂದೆ ಇವುಗಳನ್ನು ತೂಗುಹಾಕುತ್ತಿದ್ದರು. ಕೊಳ್ಳಲಾರದವರೂ ಬೀದಿಯಲ್ಲಿ ನಿಂತು ನೋಡಬಹುದಾಗಿತ್ತು.

1781ರಲ್ಲಿ ಲಾರ್ಡ್ ಕಾರ್ನ್‌ವಾಲಿಸನು ಅಮೆರಿಕೆಯ ಯಾರ್ಕ್‌ಟೌನಿನಲ್ಲಿ ಶರಣಾದನು. ಆ ಯುದ್ಧ ಮುಗಿಯುವ ವೇಳೆಗೆ ಇಂಗ್ಲೆಂಡಿನ ಸಾಲ ಸುಮಾರು 24 ಕೋಟಿ ಪೌಂಡುಗಳಿಗೆ ಏರಿತ್ತು. ಪ್ರಧಾನಿಯಾದ ಪಿಟ್ಟನು ಇಟ್ಟಿಗೆ, ಟೋಪಿ, ಕೈಗವಸುಗಳ ಮೇಲೆಲ್ಲ ತೆರಿಗೆ ಹೇರಿದನು. 1786ರಲ್ಲಿ ಜೇಮ್ಸ್ ಗಿಲ್‌ರೇ ಒಂದು ಚಿತ್ರ ಕೊರೆದನು: ರಾಜರಾಣಿಯರು ಜೇಬು ತುಂಬಿ ತುಳುಕುವ ಹೊನ್ನಿನೊಡನೆ ಖಜಾನೆಯಿಂದ ಹೊರಬರುತ್ತಿದ್ದಾರೆ, ಪಿಟ್ಟನು ಇನ್ನೂ ನೀಡುತ್ತಿದ್ದಾನೆ, ನೆಲದ ಮೇಲೆ ಕೈಕಾಲು ಕಳೆದುಕೊಂಡ ಯೋಧನೊಬ್ಬನು ಭಿಕ್ಷೆಗೆ ಕುಳಿತಿದ್ದಾನೆ. ರಾಷ್ಟ್ರದ ಸಾಲ ತೀರಿಸುವ ಹೊಸ ಉಪಾಯವೆಂದು ಅದಕ್ಕೆ ಹೆಸರು!

ಅದೇ 1786ರಲ್ಲಿ ಕಾರ್ನ್‌ವಾಲಿಸನು ಗವರ್ನರ್ ಜನರಲ್ ಆಗಿ ಭಾರತಕ್ಕೆ ಬಂದನು. ಅದೇ ವರ್ಷ ಟಿಪ್ಪು ಸುಲ್ತಾನನು ಪಾಳೆಯಗಾರನಿಂದ ಕೊಪ್ಪಳದ ದುರ್ಗವನ್ನು ಪಡೆದು, ಫ್ರೆಂಚ್ ಶಿಲ್ಪಿಗಳ ನೆರವಿನಿಂದ ಬಲಪಡಿಸಿದನು. ಮೂರನೆಯ ಮೈಸೂರು ಯುದ್ಧದಲ್ಲಿ ನಿಜಾಮನ ಸೈನ್ಯವೂ ಆಂಗ್ಲರ ಪಡೆಯೂ ಅದನ್ನು ತಿಂಗಳುಗಟ್ಟಲೆ ಮುತ್ತಿ, 1791ರಲ್ಲಿ ವಶಪಡಿಸಿಕೊಂಡವು. ಆ ವರ್ಷವೇ ಕಾರ್ನ್‌ವಾಲಿಸನು ಮಳೆಗೂ ಹಸಿವಿಗೂ ಸಿಕ್ಕಿ ಶ್ರೀರಂಗಪಟ್ಟಣದಿಂದ ಹಿಮ್ಮೆಟ್ಟಿದಾಗ ಗಿಲ್‌ರೇ ಮತ್ತೆ ಸೂಜಿ ಹಿಡಿದನು. ಅವನ ಚಿತ್ರದಲ್ಲಿ ಕೋಟೆಯ ಮೇಲೆ ನಿಂತ ಟಿಪ್ಪುವು ಓಡುವ ಶತ್ರುಗಳ ಮೇಲೆ ಸುರಿಸುವ ‘ಮಳೆ’ ಎಂತಹದೆಂಬುದನ್ನು ಸಭ್ಯ ಶ್ರೋತೃಗಳ ಮುಂದೆ ವಿವರಿಸದಿರುವುದೇ ಲೇಸು.

1792ರ ಒಪ್ಪಂದದಂತೆ ಟಿಪ್ಪುವು ಅರ್ಧ ರಾಜ್ಯವನ್ನೂ 3 ಕೋಟಿ 30 ಲಕ್ಷ ರೂಪಾಯಿಗಳನ್ನೂ ತೆರಬೇಕಾಯಿತು. ವಿಲ್ಕ್ಸನು ಕೊಡುವ ಲೆಕ್ಕದಂತೆ ಖಜಾನೆಯಿಂದ ಬಂದುದು 1 ಕೋಟಿ 10 ಲಕ್ಷ, ಸೈನ್ಯದಿಂದ 60 ಲಕ್ಷ. ಉಳಿದ 1 ಕೋಟಿ 60 ಲಕ್ಷವನ್ನು ಅಧಿಕಾರಿಗಳಿಂದಲೂ ಪ್ರಜೆಗಳಿಂದಲೂ ಎತ್ತಲಾಯಿತು. ಕೊಪ್ಪಳವು ನಿಜಾಮನ ಪಾಲಿಗೆ ಹೋಗಿ ಈ ದಂಡದಿಂದ ಪಾರಾಯಿತಾದರೂ ಸೈನ್ಯದ ಸಾಲವು ಆ ಸೀಮೆಯನ್ನು ಬಿಡಲಿಲ್ಲ. ಕಂಟಿಂಜೆಂಟ್ ಪಡೆಯ ವೇತನದ ಬಾಕಿಗಾಗಿ 1853ರಲ್ಲಿ ರಾಯಚೂರು ದೋಆಬವನ್ನೇ ಆಂಗ್ಲರಿಗೆ ವಹಿಸಿಕೊಡಲಾಯಿತು. ಗಂಗಾವತಿ, ಕುಷ್ಟಗಿಗಳ ಕಂದಾಯವು 1860ರವರೆಗೆ ಅತ್ತ ಹರಿಯಿತು.

ನಮ್ಮ ಜನರಿಗೆ ನಗಲು ಬರುತ್ತಿರಲಿಲ್ಲವೆ? ಬರುತ್ತಿತ್ತು. ತೊಗಲುಬೊಂಬೆಯ ಕಿಳ್ಳೇಕ್ಯಾತನು ದೊಡ್ಡವರನ್ನೂ ಬಿಡದೆ ಹಾಸ್ಯಮಾಡುವವನು. ಕೊಪ್ಪಳ ತಾಲ್ಲೂಕಿನ ಮೋರನಾಳದಲ್ಲಿ ಆ ಕಲೆ ಇಂದಿಗೂ ಜೀವಂತವಾಗಿದ್ದು, ಅಲ್ಲಿಯ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ದೊರೆಯಿತು. ಆದರೆ ಪರದೆಯ ಹಿಂದಿನ ದೀಪ ಆರಿದರೆ ಆ ರಾತ್ರಿಯ ಮಾತೂ ಮುಗಿಯಿತು; ತಾಮ್ರದ ಗೀರು ಮಾತ್ರ ಉಳಿಯಿತು. ಆದುದರಿಂದ ಲಂಡನ್ನಿನ ತೆರಿಗೆದಾರನ ಮುಖವನ್ನು ನಾವು ಬಲ್ಲೆವು, ಎಲಬುರ್ಗಿಯ ರೈತನ ಮುಖವನ್ನು ಅರಿಯೆವು. ಅವನನ್ನು ಒಪ್ಪಂದಗಳ ಅಂಕೆಗಳಲ್ಲಿಯೇ ಹುಡುಕಬೇಕು. ಕೋಟೆಯನ್ನು ನೋಡಹೋದವರು ಕಟ್ಟಿದವರ ಹೆಸರಿನೊಡನೆ ತೆತ್ತವರನ್ನೂ ನೆನೆಯುವುದು ಉಚಿತ.